ಹೊಳೆಸಾಲಿನ ಗ್ರಾಮ ಪಂಚಾಯಿತಿ ನೆರೆಗೆ ಸಜ್ಜಾಗುವುದು ಹೇಗೆ

ನಿಮ್ಮ ಪಂಚಾಯಿತಿಯ ಕಪಾಟಿನಲ್ಲಿ ‘ವಿಪತ್ತು ನಿರ್ವಹಣಾ ಯೋಜನೆ’ ಎಂಬ ಕಡತವಿದ್ದರೆ ಮೊದಲು ಅದನ್ನು ತೆಗೆದು ಓದಿ. ನಿಮ್ಮೂರಿನ ಒಂದಾದರೂ ಓಣಿಯ ಹೆಸರು ಅದರಲ್ಲಿದೆಯೇ? ಶಾಲೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಬರೆದಿದೆಯೇ? ಟ್ರ್ಯಾಕ್ಟರ್ ಇರುವ ನಾಲ್ಕು ಜನರ ಫೋನ್ ನಂಬರು ಇದೆಯೇ? ಇಲ್ಲವೆಂದರೆ ಅದು ಬೇರೆ ಊರಿನ ಕಡತ. ಮುಖಪುಟ ಮಾತ್ರ ನಿಮ್ಮದು. ಹೊಸದಾಗಿ ಬರೆಯಬೇಕು. ಹದಿನೈದು ಪುಟ ಸಾಕು.

ನಾನು ಮಲಪ್ರಭೆಯ ದಂಡೆಯ ಪಂಚಾಯಿತಿಯೊಂದರಲ್ಲಿ 2019ರ ನೆರೆ ಬಂದಾಗ ಸದಸ್ಯೆಯಾಗಿದ್ದೆ. ಮುಂದಿನ ಅವಧಿಯಲ್ಲಿ ಅಧ್ಯಕ್ಷೆಯಾದೆ. ಹೊಸದಾಗಿ ಆಯ್ಕೆಯಾಗಿ ಬರುವ ಸದಸ್ಯರಿಗೆ, ವರ್ಗವಾಗಿ ಬರುವ ಪಿಡಿಒಗಳಿಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ) ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದೆಲ್ಲ ನೆರೆಯ ಮಾತು. ಕೊಡಗಿನಂಥ ಗುಡ್ಡದ ಸೀಮೆಯಲ್ಲಿ ಭೂಕುಸಿತದ ಲೆಕ್ಕವೇ ಬೇರೆ. ಆದರೂ ಓಣಿ, ಬೀಗ, ಹೆಸರು, ಹೊತ್ತು ಎಂಬ ಇಲ್ಲಿನ ಕ್ರಮ ಅಲ್ಲಿಗೂ ಹೊಂದುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಚುಟುಕಾಗಿ ತಿಳಿದುಕೊಳ್ಳಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲೆಯ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಿಲ್ಲಾ ಯೋಜನೆ, ಪರಿಹಾರ ನಿಧಿ, ರಕ್ಷಣಾ ಪಡೆಯನ್ನು ಕರೆಸುವುದು, ಎಲ್ಲವೂ ಅವರ ಕೈಯಲ್ಲಿ. ಅದೇ ಕಾಯ್ದೆಯ 41ನೆಯ ಕಲಮು ಸ್ಥಳೀಯ ಸಂಸ್ಥೆಗಳ ಕೆಲಸವನ್ನು ಹೇಳುತ್ತದೆ: ಸಿಬ್ಬಂದಿಗೆ ತರಬೇತಿ ಕೊಡಿಸುವುದು, ಸಾಮಗ್ರಿಯನ್ನು ಯಾವಾಗ ಬೇಕಾದರೂ ಬಳಸುವಂತೆ ಇಟ್ಟುಕೊಳ್ಳುವುದು, ತಮ್ಮ ಕಟ್ಟಡಗಳು ನಿಗದಿತ ಗುಣಮಟ್ಟದಲ್ಲಿರುವಂತೆ ನೋಡಿಕೊಳ್ಳುವುದು, ಜಿಲ್ಲಾ ಯೋಜನೆಗೆ ಅನುಗುಣವಾಗಿ ಪರಿಹಾರ ಕಾರ್ಯ ನಡೆಸುವುದು. ದೋಣಿ ಕಳುಹಿಸುವುದು, ಹೆಲಿಕಾಪ್ಟರ್ ಕರೆಸುವುದು ನಿಮ್ಮ ಕೆಲಸವಲ್ಲ. ಅವು ಬರುವ ತನಕದ ಹೊತ್ತು ನಿಮ್ಮದು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ತಂಡಗಳನ್ನು ಮಳೆಗಾಲದಲ್ಲಿ ಬೆಳಗಾವಿ, ಕೊಡಗಿನಂಥ ಕಡೆ ಮೊದಲೇ ತಂದು ನಿಲ್ಲಿಸುವುದುಂಟು. ನೆರೆ ಒಂದೇ ರಾತ್ರಿ ಹತ್ತಾರು ಹಳ್ಳಿಗೆ ನುಗ್ಗಿದಾಗ ನಿಮ್ಮ ಸರದಿ ಎಷ್ಟನೆಯದೋ ಯಾರು ಬಲ್ಲರು? ಮೊದಲ ಒಂದು ದಿನಕ್ಕೆ ಊರು ತಾನೇ ತನ್ನನ್ನು ನೋಡಿಕೊಳ್ಳುವಂತೆ ಯೋಜನೆ ಬರೆಯಿರಿ.

ನೀರಿನ ಲೆಕ್ಕ ಮೊದಲು

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟೆಯ ಗರಿಷ್ಠ ಮಟ್ಟ 2079.50 ಅಡಿ, ಸಂಗ್ರಹ ಸುಮಾರು 37 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕಣಕುಂಬಿ, ಖಾನಾಪುರದ ಕಡೆ ಮಳೆ ಹಿಡಿದರೆ ಒಳಹರಿವು ಏರುತ್ತದೆ. ಜಲಾಶಯ ತುಂಬುತ್ತ ಬಂದಂತೆ ಗೇಟು ತೆಗೆಯುತ್ತಾರೆ. ‘ಇಷ್ಟು ಸಾವಿರ ಕ್ಯುಸೆಕ್ ಬಿಟ್ಟಿದ್ದಾರೆ’ ಎಂಬ ಸುದ್ದಿ ಮೊಬೈಲಿಗೆ ಬರುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಆ ಅಂಕಿ ಕೇಳಿ ಹೊಳೆಯ ಬದಿಯ ಓಣಿಯ ಅಜ್ಜಿ ಏನು ಮಾಡಬೇಕು? ಅಷ್ಟು ನೀರು ಬಿಟ್ಟರೆ ಅದು ತನ್ನ ಮನೆಯ ಹೊಸ್ತಿಲಿಗೆ ಬರುತ್ತದೋ ಇಲ್ಲವೋ ಎಂಬುದು ಅವಳಿಗೆ ಬೇಕಾದ ಸುದ್ದಿ. ಅದನ್ನು ಜಿಲ್ಲಾ ಕಚೇರಿ ಹೇಳಲಾರದು. ಪಂಚಾಯಿತಿಯೇ ಬರೆದಿಟ್ಟುಕೊಳ್ಳಬೇಕು.

ಮೇ ತಿಂಗಳಲ್ಲಿ, ಹೊಳೆ ಬತ್ತಿರುವಾಗ, 2009ರ ಮತ್ತು 2019ರ ನೆರೆಯನ್ನು ಕಣ್ಣಾರೆ ಕಂಡ ಐದಾರು ಹಿರಿಯರನ್ನು ಕರೆದುಕೊಂಡು ಹೊಳೆಯ ಕಡೆಯಿಂದ ಊರೊಳಗೆ ನಡೆದು ಬನ್ನಿ. ವಾಟರ್‌ಮನ್, ಲೈನ್‌ಮನ್, ದನ ಕಾಯುವವರು ಜೊತೆಗಿರಲಿ. ‘ಇಲ್ಲಿಯವರೆಗೆ ಬಂದಿತ್ತು’ ಎಂದು ಅವರು ತೋರಿಸಿದಲ್ಲಿ, ಇಬ್ಬರಿಗಿಂತ ಹೆಚ್ಚು ಜನ ಒಪ್ಪಿದಲ್ಲಿ, ಬಣ್ಣದ ಗೆರೆ ಎಳೆಯಿರಿ. ಗೆರೆ ಎಳೆಯಲು ಅಗಸಿಯ ಕಲ್ಲು, ಗುಡಿಯ ಕಟ್ಟೆ, ವಿದ್ಯುತ್ ಕಂಬ ಒಳ್ಳೆಯವು. ಮಣ್ಣಿನ ಗೋಡೆ ಬೇಡ, ಒಂದೇ ಮಳೆಗೆ ಬಣ್ಣ ಇಳಿಯುತ್ತದೆ. ಹೀಗೆ ಮೂರು ಗೆರೆಗಳು ಬೇಕು. ನೀರು ಮೊದಲನೆಯ ಗೆರೆ ಮುಟ್ಟಿದರೆ ದನಕರು ಹೊರಡಬೇಕು. ಎರಡನೆಯದನ್ನು ಮುಟ್ಟಿದರೆ ತಗ್ಗಿನ ಓಣಿಗಳ ಜನ ಹೊರಡಬೇಕು. ಮೂರನೆಯದಕ್ಕೆ ಬಂದರೆ ಊರಿಗೆ ಊರೇ.

ಇದರ ಜೊತೆಗೆ ಒಂದು ನೋಟ್‌ಬುಕ್ ಇಡಿ. ಅಣೆಕಟ್ಟೆಯಿಂದ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಕ್ಯುಸೆಕ್ ಬಿಟ್ಟರು, ಆ ನೀರು ನಮ್ಮೂರ ಸೇತುವೆಗೆ ಎಷ್ಟು ಗಂಟೆಗೆ ಮುಟ್ಟಿತು, ಯಾವ ಗೆರೆಗೆ ಎಷ್ಟು ಗೇಣು ಕೆಳಗೆ ನಿಂತಿತು ಎಂದು ಪ್ರತಿ ಮಳೆಗಾಲದಲ್ಲೂ ಬರೆಯಿರಿ. ಸಣ್ಣ ಪ್ರಮಾಣದ ಬಿಡುಗಡೆಯನ್ನೂ ಬಿಡದೆ ಬರೆಯಿರಿ. ಎರಡು ಮೂರು ಮಳೆಗಾಲ ಕಳೆದರೆ ನಿಮ್ಮೂರಿನದೇ ಒಂದು ಕೋಷ್ಟಕ ಸಿದ್ಧವಾಗುತ್ತದೆ. ಆಗ ಸುದ್ದಿ ಬಂದ ಕೂಡಲೇ, ನೀರು ಕಾಣುವ ಎಷ್ಟೋ ಗಂಟೆ ಮೊದಲೇ, ಯಾವ ಓಣಿಗೆ ಹೇಳಬೇಕು ಎಂಬುದು ನಿಮಗೆ ಗೊತ್ತಿರುತ್ತದೆ. ಇಡೀ ಯೋಜನೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಪುಟ ಇನ್ನೊಂದಿಲ್ಲ.

ಬೆಣ್ಣಿಹಳ್ಳದ ಬದಿಯ ಊರುಗಳಿಗೆ ಈ ಅನುಕೂಲವೂ ಇಲ್ಲ. ಆ ಹಳ್ಳಕ್ಕೆ ಗೇಟು ಹಾಕಿ ನೀರು ಬಿಡುವ ಅಣೆಕಟ್ಟೆಯೇ ಇಲ್ಲ. ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಕಡೆ ಕಪ್ಪು ನೆಲದ ಮೇಲೆ ಬಿದ್ದ ಮಳೆ ಒಟ್ಟಾಗಿ ಬಂದು ಮಲಪ್ರಭೆಗೆ ಸೇರುತ್ತದೆ. ಅವರು ಅಂಕಿ ಕಾಯುವ ಬದಲು ಮೇಲಿನ ಮಳೆಯನ್ನು ನೋಡಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಹಾಕಿದೆ. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಮೇಲಿನ ಹೋಬಳಿಗಳಲ್ಲಿ ಎಷ್ಟು ಮಳೆಯಾಗಿದೆ ಎಂದು ಕೇಳಬಹುದು. ಇದಕ್ಕಿಂತ ಬೇಗ ಸುದ್ದಿ ಬೇಕೆಂದರೆ ಹಳ್ಳದ ಮೇಲ್ಭಾಗದ ಮೂರು ಪಂಚಾಯಿತಿಗಳ ಪಿಡಿಒ ಮತ್ತು ವಾಟರ್‌ಮನ್‌ಗಳ ನಂಬರು ನಿಮ್ಮ ಬಳಿ ಇರಲಿ, ನಿಮ್ಮದು ಕೆಳಗಿನ ಊರಿನವರ ಬಳಿ ಇರಲಿ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಬೇಸರಪಡಬಾರದು ಎಂದು ಪರಸ್ಪರ ಮೊದಲೇ ಮಾತಾಡಿಕೊಳ್ಳಿ.

ದನಕ್ಕೆ ಜಾಗ ಮಾಡದೆ ಜನರನ್ನು ಕರೆಯಬೇಡಿ

‘ಎಷ್ಟು ಹೇಳಿದರೂ ಜನ ಮನೆ ಬಿಟ್ಟು ಬರುವುದಿಲ್ಲ’ ಎಂದು ಅಧಿಕಾರಿಗಳು ಬೇಸರದಿಂದ ಹೇಳುವುದನ್ನು ಕೇಳಿದ್ದೇನೆ. ಹಾಗೆ ಬರದವರ ಮನೆಯ ಹಿತ್ತಲನ್ನು ಹೋಗಿ ನೋಡಿದವರು ಕಡಿಮೆ. 2019ರಲ್ಲಿ ನಾಗರ ಪಂಚಮಿಯ ಬೆನ್ನಿಗೇ ಹೊಳೆ ಏರಿದಾಗ ನಮ್ಮ ಓಣಿಯ ಹಿರಿಯರೊಬ್ಬರು ಮೊಣಕಾಲು ನೀರಿನಲ್ಲಿ ಎಮ್ಮೆಯ ಹಗ್ಗ ಹಿಡಿದು ನಿಂತಿದ್ದರು. ‘ಕಾಕಾ, ನಡೆಯಿರಿ’ ಎಂದೆ. ‘ನಾನು ಶಾಲೆಯಲ್ಲಿ ಮಲಗುತ್ತೇನೆ ತಂಗೀ, ಇದು ಎಲ್ಲಿ ಮಲಗಬೇಕು?’ ಎಂದರು. ಅವರ ಮನೆ ನಡೆಯುತ್ತಿದ್ದುದೇ ಆ ಎಮ್ಮೆಯ ಹಾಲಿನಿಂದ. ಅವರದು ಹಟವೆಂದು ನನಗೆ ಅನಿಸಲಿಲ್ಲ, ಇಂದಿಗೂ ಅನಿಸುವುದಿಲ್ಲ.

ಆದ್ದರಿಂದ ಕಾಳಜಿ ಕೇಂದ್ರಕ್ಕಿಂತ, ಅಂದರೆ ಮನೆ ಬಿಟ್ಟು ಬಂದ ಜನ ಉಳಿಯುವ ಜಾಗಕ್ಕಿಂತ, ಮೊದಲು ದನಗಳ ಜಾಗವನ್ನು ಗೊತ್ತು ಮಾಡಿ. ಎತ್ತರದ ಗಾಯರಾಣ (ಗೋಮಾಳ), ಎಪಿಎಂಸಿ ಪ್ರಾಂಗಣ, ಸಂತೆ ಕಟ್ಟೆ, ಯಾವುದಾದರೂ ಆದೀತು. ಅಲ್ಲಿಗೆ ಟ್ಯಾಂಕರ್ ಹೋಗುವಂತಿರಬೇಕು, ಕಾಳಜಿ ಕೇಂದ್ರದಿಂದ ನಡೆದು ಹೋಗಿ ಹಾಲು ಕರೆದು ಬರುವಷ್ಟು ಹತ್ತಿರವಿರಬೇಕು. ದೊಡ್ಡ ದನವೊಂದಕ್ಕೆ ದಿನಕ್ಕೆ ಐದಾರು ಕಿಲೋ ಒಣ ಮೇವು ಎಂದು ಹಿಡಿದು ಮೂರು ದಿನದ ಲೆಕ್ಕ ಹಾಕಿ. ಎತ್ತರದ ಹೊಲಗಳಲ್ಲಿ ಕಣಿಕೆಯ ಬಣವೆ ಇಟ್ಟವರೊಂದಿಗೆ ಮೇ ತಿಂಗಳಲ್ಲೇ ಮಾತಾಡಿ, ದರ ಗೊತ್ತು ಮಾಡಿ ಬರೆದಿಡಿ. ನೆರೆ ಬಂದ ದಿನ ಮೇವಿನ ದರ ಯಾರ ಹಿಡಿತಕ್ಕೂ ಸಿಗುವುದಿಲ್ಲ. ಗೂಟ, ಹಗ್ಗ, ಸುಣ್ಣದ ಚೀಲ ಪಂಚಾಯಿತಿಯ ಗೋದಾಮಿನಲ್ಲಿರಲಿ. ಹೊರಡುವಾಗ ಬಿಡಿಸಲಾಗದ ದನಗಳಿದ್ದರೆ ಕಟ್ಟಿದ ಹಗ್ಗವನ್ನು ಕತ್ತರಿಸಿ ಹೋಗಿ ಎಂದು ಪ್ರತಿ ಮನೆಗೂ ಹೇಳಿ. ಕಟ್ಟಿದಲ್ಲೇ ಮುಳುಗಿದ ದನಗಳನ್ನು ಕಂಡವರು ಇದನ್ನು ಎರಡು ಸಲ ಹೇಳಿಸಿಕೊಳ್ಳುವುದಿಲ್ಲ.

2009ರ ನೆರೆಯ ನಂತರ ಸಂತ್ರಸ್ತರಿಗಾಗಿ ಕಟ್ಟಿಸಿದ ‘ಆಸರೆ’ ಮನೆಗಳಿಗೆ ಸ್ಥಳಾಂತರವಾದ ಊರುಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಕಾಗದದ ಮೇಲೆ ಹಳೆಯ ಊರು ಖಾಲಿ. ಆದರೆ ಹೊಲ ಅಲ್ಲೇ ಇರುವುದರಿಂದ ದನಕರು, ಅವುಗಳ ಜೊತೆ ಮನೆಯ ಮುದುಕರು ಅಲ್ಲೇ ಉಳಿದಿರುತ್ತಾರೆ. ಮತದಾರರ ಪಟ್ಟಿ ನೋಡಿ ಜನರನ್ನು ಎಣಿಸಿದರೆ ಅವರು ಲೆಕ್ಕಕ್ಕೇ ಬರುವುದಿಲ್ಲ. ಜೂನ್ ಮೊದಲ ವಾರ ರಾತ್ರಿ ಎಂಟು ಗಂಟೆಗೆ ಹಳೆಯ ಊರಿನಲ್ಲಿ ಒಂದು ಸುತ್ತು ಹಾಕಿ, ದೀಪ ಉರಿಯುವ ಮನೆಗಳನ್ನು ಎಣಿಸಿ.

ಹೆಸರಿನ ಪಟ್ಟಿಗಳು

ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆಯನ್ನು ಕೂರಿಸಿಕೊಂಡು ಓಣಿವಾರು ಪಟ್ಟಿ ಮಾಡಿ. ತಾಯಿ ಕಾರ್ಡಿನಲ್ಲಿ ಹೆರಿಗೆಯ ದಿನಾಂಕ ಇರುತ್ತದೆ. ಮಳೆ ಹಿಡಿದಾಗ ಇನ್ನೊಂದು ತಿಂಗಳಲ್ಲಿ ಹೆರಿಗೆಯಾಗುವವರನ್ನು ಮೊದಲ ಗೆರೆಗೆ ನೀರು ಮುಟ್ಟುವ ಮೊದಲೇ ತಾಲ್ಲೂಕು ಆಸ್ಪತ್ರೆಯ ಹತ್ತಿರದ ಬಂಧುಗಳ ಮನೆಗೆ ಕಳುಹಿಸಿ. ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಕಣ್ಣು ಕಾಣದವರು, ಒಬ್ಬರೇ ಇರುವ ಮುದುಕರು, ಹೀಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಅವರನ್ನು ಕರೆತರುವ ಇಬ್ಬರ ಹೆಸರಿರಬೇಕು. ಹೊರಸಿನ ಮೇಲೆ ಹೊತ್ತು ತರಬೇಕಾದವರಿಗೆ ನಾಲ್ಕು ಹೆಗಲು ಬೇಕು, ಆ ನಾಲ್ವರ ಹೆಸರು ಬರೆಯಿರಿ. ‘ಯುವಕರು ಸಹಕರಿಸುವರು’ ಎಂಬ ಸಾಲನ್ನು ಯೋಜನೆಯಲ್ಲಿ ಎಲ್ಲೂ ಬರೆಯಬೇಡಿ. ಹೆಸರಿಲ್ಲದ ಕೆಲಸಕ್ಕೆ ಆ ರಾತ್ರಿ ಯಾರೂ ಬರುವುದಿಲ್ಲ.

ತಗ್ಗಿನ ಓಣಿ ಯಾರದು ಎಂಬುದನ್ನೂ ಮುಚ್ಚುಮರೆಯಿಲ್ಲದೆ ನೋಡಿ. ಎಷ್ಟೋ ಊರುಗಳಲ್ಲಿ ದಲಿತರ ಕೇರಿಯೇ ಹೊಳೆಗೆ ಹತ್ತಿರ. ನೀರು ಮೊದಲು ಹೊಗುವುದು ಅಲ್ಲಿಗೆ, ಸುದ್ದಿ ಮುಟ್ಟುವುದು ಮಾತ್ರ ಕೊನೆಗೆ. ಡಂಗುರ ಆ ಕೇರಿಯಿಂದಲೇ ಶುರುವಾಗಬೇಕು ಎಂದು ಯೋಜನೆಯಲ್ಲಿ ಬರೆಯಿರಿ. ಕಾಳಜಿ ಕೇಂದ್ರವಾಗಿ ಗುಡಿಯ ಕಲ್ಯಾಣ ಮಂಟಪಕ್ಕಿಂತ ಸರ್ಕಾರಿ ಶಾಲೆಯನ್ನೇ ಆರಿಸಿ. ಒಳಗೆ ಬರಲು ಯಾರೂ ಹಿಂಜರಿಯದ ಕಟ್ಟಡ ಅದು. ಊಟದ ಪಂಕ್ತಿ ಒಂದೇ ಇರಲಿ. ಈ ವಿಷಯದಲ್ಲಿ ಅಧ್ಯಕ್ಷರು ಖುದ್ದಾಗಿ ನಿಂತು ನೋಡಿಕೊಳ್ಳಬೇಕು, ಬೇರೆಯವರಿಗೆ ವಹಿಸಬಾರದು.

ಠರಾವು, ದರ, ಬೀಗದ ಕೈ

ಮೇ ತಿಂಗಳ ಸಾಮಾನ್ಯ ಸಭೆಯಲ್ಲಿ ಈ ವಿಷಯಗಳಿಗೆ ಠರಾವು ಮಾಡಿಸಿಕೊಳ್ಳಿ. ಟ್ರ್ಯಾಕ್ಟರ್, ಟಂಟಂ, ಜೆಸಿಬಿ, ಜನರೇಟರ್, ಶಾಮಿಯಾನ, ಅಡುಗೆಯವರು, ಪ್ರತಿಯೊಂದಕ್ಕೂ ದರ ಮತ್ತು ಕನಿಷ್ಠ ಇಬ್ಬರು ಒದಗಿಸುವವರು. ಯಾವ ಖಾತೆಯಿಂದ ಖರ್ಚು, ಪಂಚಾಯಿತಿಯ ಸ್ವಂತ ಕರ ವಸೂಲಿಯಿಂದಲೋ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನದಿಂದಲೋ, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯನ್ನು (ಇಒ) ಕೇಳಿ ಲಿಖಿತ ಒಪ್ಪಿಗೆ ಪಡೆಯಿರಿ. ಪರಿಹಾರ ನಿಧಿಯಿಂದ ಭರಿಸಬೇಕಾದ ಖರ್ಚಿಗೆ ತಹಶೀಲ್ದಾರರ ಆದೇಶ ಬೇಕು. ಅವರಿಗೂ ಒಂದು ಪ್ರತಿ ಕೊಡಿ. ಪಿಡಿಒಗಳು ಆಪತ್ತಿನಲ್ಲಿ ಹಿಂದೆಮುಂದೆ ನೋಡುವುದು ಮನಸ್ಸಿಲ್ಲದೆ ಅಲ್ಲ, ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆಂಬ ಭಯದಿಂದ. ಠರಾವು ಇದ್ದರೆ ಅವರ ಕೈ ನಡೆಯುತ್ತದೆ.

ಊರು ಬಿಡಿ ಎಂದು ಹೇಳುವವರು ಯಾರು ಎಂಬುದನ್ನೂ ಅದೇ ಸಭೆಯಲ್ಲಿ ಗೊತ್ತು ಮಾಡಿ. ಅಧ್ಯಕ್ಷರು, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಈ ಮೂವರಲ್ಲಿ ಯಾರೊಬ್ಬರು ಊರಲ್ಲಿದ್ದರೂ ಡಂಗುರ ಹಾಕಿಸಬಹುದು, ಉಳಿದವರಿಗೆ ಫೋನ್ ಸಿಗುವ ತನಕ ಕಾಯಬೇಕಿಲ್ಲ ಎಂದಿರಲಿ. ನೀರು ರಾತ್ರಿ ಬರುವ ಲೆಕ್ಕವಿದ್ದರೆ ಸಂಜೆ ನಾಲ್ಕಕ್ಕೇ ಜನರನ್ನು ಹೊರಡಿಸಿ. ಕತ್ತಲಲ್ಲಿ, ಹರಿಯುವ ನೀರಿನಲ್ಲಿ, ಮಕ್ಕಳನ್ನು ಹೊತ್ತು ನಡೆಯುವಂತಾಗಬಾರದು.

ಸುದ್ದಿ ಸಾರಲು ಕಸದ ಗಾಡಿಯನ್ನು ಬಳಸಿ. ಸ್ವಚ್ಛ ವಾಹಿನಿಗೆ ಧ್ವನಿವರ್ಧಕವಿದೆ, ಅದನ್ನು ಓಡಿಸುವ ಹೆಣ್ಣುಮಕ್ಕಳಿಗೆ ಪ್ರತಿ ಮನೆಯೂ ಗೊತ್ತು. ಗುಡಿ ಮತ್ತು ಮಸೀದಿಯ ಮೈಕು ಎರಡನೆಯ ದಾರಿ. ಕರೆಂಟು ಹೋದರೆ ಹಲಗೆ ಬಾರಿಸುವವರು ಇರಲಿ. ಶಾಲೆಯ ಬೀಗದ ಕೈ ಮುಖ್ಯೋಪಾಧ್ಯಾಯರ ಜೊತೆ ಗದಗಕ್ಕೋ ಹುಬ್ಬಳ್ಳಿಗೋ ಹೋಗಿಬಿಡುತ್ತದೆ. ಶಿಕ್ಷಕರಲ್ಲಿ ಹಲವರು ಊರಲ್ಲಿ ಇರುವುದಿಲ್ಲ. ಇನ್ನೊಂದು ಬೀಗದ ಕೈ ಮಾಡಿಸಿ ಶಾಲೆಯ ಎದುರು ಮನೆಯವರ ಬಳಿ ಇಡಿ, ಅವರ ಹೆಸರನ್ನು ಯೋಜನೆಯಲ್ಲಿ ಬರೆಯಿರಿ. ನೀರು ಎರಡನೆಯ ಗೆರೆ ಮುಟ್ಟುವ ಮೊದಲು ಹೊಳೆಬದಿಯ ಟಿಸಿಗಳ (ಟ್ರಾನ್ಸ್‌ಫಾರ್ಮರ್‌ಗಳ) ವಿದ್ಯುತ್ ತೆಗೆಸಬೇಕು. ವಿದ್ಯುತ್ ಕಂಪನಿ ಹೆಸ್ಕಾಂನ ಶಾಖಾಧಿಕಾರಿಯೊಂದಿಗೆ ಅದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಸಹಾಯ ಕೇಳುವ ಬಗೆ

ಜಿಲ್ಲಾ ನಿಯಂತ್ರಣ ಕೊಠಡಿಯ ನಂಬರು 1077, ರಾಜ್ಯದ್ದು 1070, ತುರ್ತು ಸೇವೆಗೆ 112. ಕರೆ ಮಾಡಿ ‘ನಮ್ಮೂರು ಮುಳುಗುತ್ತಿದೆ’ ಎಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಅಂಥವೇ ಇಪ್ಪತ್ತು ಕರೆಗಳು ಅವರಿಗೆ ಬಂದಿರುತ್ತವೆ. ಹೇಳಬೇಕಾದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿ: ತಾಲ್ಲೂಕು, ಪಂಚಾಯಿತಿ, ಊರು, ಸಿಲುಕಿದವರು ಎಷ್ಟು, ಅವರಲ್ಲಿ ಮಕ್ಕಳು, ಗರ್ಭಿಣಿಯರು, ರೋಗಿಗಳು ಎಷ್ಟು, ಎಲ್ಲಿದ್ದಾರೆ, ನೀರು ಎಷ್ಟು ಎತ್ತರ, ಏರುತ್ತಿದೆಯೋ ನಿಂತಿದೆಯೋ, ಯಾವ ರಸ್ತೆ ಇನ್ನೂ ತೆರೆದಿದೆ, ಚಾರ್ಜ್ ಇರುವ ಎರಡು ಫೋನ್ ನಂಬರು. ಕರೆಯ ಸಮಯವನ್ನೂ ಕರೆ ತೆಗೆದುಕೊಂಡವರ ಹೆಸರನ್ನೂ ಬರೆದುಕೊಳ್ಳಿ. ತೆರೆದಿರುವ ರಸ್ತೆಯನ್ನು ಹೇಳುವುದು ಬಹಳ ಮುಖ್ಯ. ಕೊಣ್ಣೂರಿನ ಸೇತುವೆ ಮುಳುಗಿ ಹುಬ್ಬಳ್ಳಿ ಸೊಲ್ಲಾಪುರ ಹೆದ್ದಾರಿ ಬಂದ್ ಆದ ದಿನ ಹೊರಗಿನಿಂದ ಬರುವವರು ಅದೇ ದಾರಿ ಹಿಡಿದು ಬಂದು ದಂಡೆಯಲ್ಲಿ ನಿಂತಿರುತ್ತಾರೆ.

ಕಾಳಜಿ ಕೇಂದ್ರದಲ್ಲಿ

ಹೆಂಗಸರಿಗೆ ಬೇರೆ ಕೋಣೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಶೌಚಾಲಯದ ತನಕ ಬೆಳಕು, ಸ್ಯಾನಿಟರಿ ಪ್ಯಾಡ್. ಇವನ್ನು ಕೇಳುವ ತನಕ ಕಾಯಬೇಡಿ, ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಎರಡನೆಯ ದಿನದಿಂದ ಅನ್ನ ಸಾರಿನ ಜೊತೆ ರೊಟ್ಟಿ ಕೊಡಲು ನೋಡಿ. ಕೇಂದ್ರಕ್ಕೆ ಬಂದ ಹೆಣ್ಣುಮಕ್ಕಳೇ ಒಲೆ, ಹಿಟ್ಟು ಸಿಕ್ಕರೆ ರೊಟ್ಟಿ ಬಡಿಯಲು ಮುಂದೆ ಬರುತ್ತಾರೆ, ಕೆಲಸದಲ್ಲಿ ಮನಸ್ಸೂ ಹಗುರಾಗುತ್ತದೆ.

ಹಾಜರಿ ಪುಸ್ತಕವನ್ನು ಜಾಗರೂಕತೆಯಿಂದ ಬರೆಯಿರಿ. ಮುಂದೆ ಪರಿಹಾರಕ್ಕೆ ಅದೇ ಆಧಾರವಾಗಬಹುದು. ಕೇಂದ್ರಕ್ಕೆ ಬಾರದೆ ಬೀಗರ ಮನೆಗೆ, ಹೊಲದ ಗುಡಿಸಲಿಗೆ ಹೋದವರ ಹೆಸರನ್ನೂ ಬೇರೆ ಪುಟದಲ್ಲಿ ದಾಖಲಿಸಿ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ವರ್ಷಗಟ್ಟಲೆ ಅಲೆದವರನ್ನು ನಾನು ಬಲ್ಲೆ.

ನೀರು ಇಳಿದ ಮೇಲೆ

ಕುಡಿಯುವ ನೀರು ಎಲ್ಲಕ್ಕಿಂತ ಮೊದಲು. ಮೇಲ್ತೊಟ್ಟಿಯನ್ನು ಖಾಲಿ ಮಾಡಿ ಕೆಸರು ತೆಗೆದು ತೊಳೆದು ತುಂಬಿಸಿ. ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಅಂದರೆ ಐವತ್ತು ಸಾವಿರ ಲೀಟರಿನ ತೊಟ್ಟಿಗೆ 125 ಗ್ರಾಂ. ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿಯಿರಿ, ಒಂದು ಗಂಟೆ ಬಿಡಿ. ನೀರು ರಾಡಿಯಾಗಿದ್ದರೆ ಈ ಪ್ರಮಾಣ ಸಾಲದು, ಆದ್ದರಿಂದ ಕಣ್ಣಂದಾಜಿಗೆ ಬಿಡದೆ ಊರಿನ ಕೊನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡಿ. ಅಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಜಲ ಜೀವನ್ ಮಿಷನ್ ಅಡಿ ನೀರು ಪರೀಕ್ಷೆಯ ತರಬೇತಿ ಪಡೆದ ಮಹಿಳೆಯರು ನಿಮ್ಮ ಊರಲ್ಲೇ ಇದ್ದರೆ ಅವರನ್ನೇ ಕರೆಯಿರಿ. ಪೌಡರಿನ ಡಬ್ಬಿಯ ಬಾಯಿ ತೆರೆದಿಟ್ಟರೆ, ತೇವ ಹಿಡಿದರೆ ಸತ್ವ ಹೋಗಿರುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಹೊಡೆಯದಿದ್ದರೆ ಅದನ್ನು ಬಳಸಬೇಡಿ.

ಸತ್ತ ದನಗಳನ್ನು ಹೂಳುವ ಮೊದಲು ಕಿವಿಯ ಟ್ಯಾಗ್ ಕಾಣುವಂತೆ ಫೋಟೊ ತೆಗೆಯಿರಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ ಕಾಗದ ಪಡೆಯಿರಿ. 2022ರಲ್ಲಿ ಬಂದ ಪರಿಹಾರ ನಿಧಿಯ ಮಾರ್ಗಸೂಚಿಯಂತೆ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಮೇಕೆಗೆ 4,000. ಹೊಸ ಮಾರ್ಗಸೂಚಿ ಬಂದಿದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಸುಣ್ಣ ಹಾಕಿ ಆಳಕ್ಕೆ, ಬಾವಿ ಮತ್ತು ಬೋರ್‌ವೆಲ್‌ನಿಂದ ದೂರ ಹೂಳಬೇಕು. ಇದಕ್ಕೂ ಜಾಗ ಮೊದಲೇ ಗೊತ್ತು ಮಾಡಿ.

ಮನೆ ಹಾನಿಯ ಸಮೀಕ್ಷೆಯಲ್ಲಿ ಹೆಚ್ಚು ಅನ್ಯಾಯವಾಗುವುದು ಮಣ್ಣಿನ ಮಾಳಿಗೆ ಮನೆಗಳಿಗೆ. ನೀರು ಇಳಿದ ದಿನ ಗೋಡೆ ನಿಂತಿರುತ್ತದೆ, ಒಳಗೆ ನೆನೆದಿರುತ್ತದೆ. ಸಮೀಕ್ಷೆಯವರು ಬಂದು ‘ಭಾಗಶಃ’ ಎಂದು ಬರೆದುಕೊಂಡು ಹೋಗುತ್ತಾರೆ. ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ವಾರ, ಹದಿನೈದು ದಿನಕ್ಕೆ ಕುಸಿಯುತ್ತದೆ. ಆದ್ದರಿಂದ ಪ್ರತಿ ಮನೆಯ ನಾಲ್ಕೂ ಗೋಡೆಯ, ಒಳ ಹೊರಗಿನ ಫೋಟೊಗಳನ್ನು ದಿನಾಂಕ ಬರುವಂತೆ ಪಂಚಾಯಿತಿಯೇ ತೆಗೆದಿಡಲಿ. ನೀರು ನಿಂತ ಎತ್ತರ ಗೋಡೆಯ ಮೇಲೆ ಗೆರೆಯಾಗಿ ಕಾಣುತ್ತದೆ, ಅದೂ ಫೋಟೊದಲ್ಲಿ ಬರಲಿ. ಹದಿನೈದು ದಿನದ ನಂತರ ಮತ್ತೊಮ್ಮೆ ತೆಗೆಯಿರಿ. ಎರಡನ್ನೂ ಇಟ್ಟು ಮರುಸಮೀಕ್ಷೆ ಕೇಳಿದರೆ ಅರ್ಜಿಗೆ ಬಲ ಬರುತ್ತದೆ. ಅಷ್ಟು ದಿನ ಆ ಮನೆಯೊಳಗೆ ಯಾರೂ ಮಲಗದಂತೆ ನೋಡಿಕೊಳ್ಳಿ. ಬೆಳೆಯ ವಿಷಯದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಎರಡು ಹೆಕ್ಟೇರಿನ ತನಕ ಪರಿಹಾರವುಂಟು. ಪಹಣಿಯಲ್ಲಿ ತಂದೆಯ ಹೆಸರೇ ಉಳಿದಿದ್ದರೆ ಹಣ ನಿಂತುಬಿಡುತ್ತದೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿಕೊಳ್ಳಲು ಬೇಸಿಗೆಯ ಗ್ರಾಮ ಸಭೆಯಲ್ಲೇ ಜನರಿಗೆ ಹೇಳಿ.

ಯೋಜನೆಯ ಪ್ರತಿಗಳನ್ನು ಪಂಚಾಯಿತಿ ಕಚೇರಿ ಒಂದರಲ್ಲೇ ಇಡಬೇಡಿ, ಆ ಕಚೇರಿಯೂ ಮುಳುಗಬಹುದು. ಆಶಾ ಕಾರ್ಯಕರ್ತೆ, ವಾಟರ್‌ಮನ್, ಮುಖ್ಯೋಪಾಧ್ಯಾಯರು, ಹಾಲಿನ ಡೇರಿಯ ಕಾರ್ಯದರ್ಶಿ, ಪ್ರತಿ ವಾರ್ಡಿನ ಸದಸ್ಯರು, ಪೊಲೀಸ್ ಠಾಣೆ, ಎಲ್ಲರ ಬಳಿ ಒಂದೊಂದು ಮುದ್ರಿತ ಪ್ರತಿಯಿರಲಿ. ಮೊಬೈಲಿನಲ್ಲಿ ಕಳುಹಿಸಿದರೆ ಚಾರ್ಜ್ ಮುಗಿದಾಗ ಸಿಗುವುದಿಲ್ಲ. ಪ್ರತಿ ಮೇ ತಿಂಗಳಲ್ಲಿ ಎಲ್ಲ ಫೋನ್ ನಂಬರುಗಳಿಗೂ ಒಂದೊಂದು ಕರೆ ಮಾಡಿ ನೋಡಿ, ಬದಲಾದವನ್ನು ತಿದ್ದಿ, ಹೊಸ ಪ್ರತಿ ಕೊಡುವಾಗ ಹಳೆಯದನ್ನು ವಾಪಸು ತೆಗೆದುಕೊಳ್ಳಿ.